ಖಾಲಿ ಸೀಟು ಮತ್ತು ಒಮಾನಿನ ಪೊಲೀಸರು

ನನ್ನ ಅತ್ತೆ ಒಮಾನ್ ದೇಶದ ಪೊಲೀಸರಿಗೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಕೊಟ್ಟು ಜೈಲಿನಿಂದ ಪಾರಾಗಿ ಬಂದಳು ಎಂಬುದು ಶುದ್ಧ ಸುಳ್ಳು. ಮೆಣಸಿನಕಾಯಿ ಕೊಡಲು ಹೋಗಿದ್ದು ನಿಜ. ಆ ಪೊಲೀಸ್ ತೆಗೆದುಕೊಳ್ಳಲಿಲ್ಲ.

ಇಷ್ಟನ್ನು ಸಾಬೀತು ಮಾಡಲು ನಾನು ನಾಲ್ಕು ತಿಂಗಳಿಂದ ಮೂರು ಊರುಗಳಲ್ಲಿ ವಾದ ಮಾಡುತ್ತಿದ್ದೇನೆ. ಬ್ಯಾಡಗಿ ಅತ್ತೆಯ ತವರು, ನಮ್ಮ ಮನೆ ಇರುವುದೂ ಅಲ್ಲೇ. ಅಲ್ಲಿ ಮೆಣಸಿನಕಾಯಿಯ ಕಥೆಯನ್ನು ಯಾರೂ ಬಿಟ್ಟುಕೊಡುವುದಿಲ್ಲ. ಊರಿನ ಮಾಲಿನ ಮರ್ಯಾದೆಯ ಪ್ರಶ್ನೆ! ಹಾವೇರಿಯ ನೆಂಟರ ಪ್ರಕಾರ ಅವಳ ಹತ್ತಿರ ಲೈಸೆನ್ಸೇ ಇರಲಿಲ್ಲ. ರಾಣೆಬೆನ್ನೂರಿನಲ್ಲಿ, ಅತ್ತೆಯ ಬೀಜದ ಅಂಗಡಿ ಇರುವ ಸಾಲಿನಲ್ಲಿ, ಕಥೆ ಇನ್ನೂ ಬೆಳೆದಿದೆ. ಅವಳು ಒಂದಿಡೀ ದಿನ ಲಾಕಪ್ಪಿನಲ್ಲಿ ಕೂತು ಅಲ್ಲಿದ್ದ ಹೆಂಗಸರಿಗೆ ಟೊಮೆಟೊ ಕ್ರಾಸಿಂಗ್ ಕಲಿಸಿ ಬಂದಳಂತೆ. ಕ್ರಾಸಿಂಗ್ ಎಂದರೆ ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಕೈಯಾರೆ ಹಚ್ಚುವ ಕೆಲಸ. ನಮ್ಮ ಕಡೆಯ ಸಾವಿರಾರು ಹೆಂಗಸರು ಮಾಡುವುದು ಅದನ್ನೇ. ಅದು ಸರಿ, ಒಮಾನಿನ ಲಾಕಪ್ಪಿನಲ್ಲಿ ಟೊಮೆಟೊ ಗಿಡ ಎಲ್ಲಿಂದ ಬಂತು? ನಾನು ಕೇಳಿದೆ. "ಅಲ್ಲೆ ಕುಂಡ್ಯಾಗ ಬೆಳೆಸಿರ್ತಾರ ಬಿಡ್ರಿ" ಎಂದು ಪಕ್ಕದ ಗೊಬ್ಬರದ ಅಂಗಡಿಯವರು ನನ್ನನ್ನು ಸಮಾಧಾನ ಮಾಡಿದರು.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. 'ಅಂತೆ' ಎಂಬ ಪದ ಕಿವಿಗೆ ಬಿದ್ದರೆ ಪುರಾವೆ ಕೇಳುವ ಚಟ. ಈ ಪ್ರಕರಣದಲ್ಲಿ ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳೇ. ಒಮಾನಿನಲ್ಲಿ ಅತ್ತೆ ಕಾರು ಓಡಿಸಿದ ಎರಡೂ ದಿನ ಅವಳ ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು ಕೂತಿದ್ದೆ. ಬಹಳಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ ಎಂಬುದನ್ನು ಎದುರು ಪಕ್ಷದವರು ಎತ್ತಬಹುದು, ಒಪ್ಪುತ್ತೇನೆ.

ಅತ್ತೆ ನಮ್ಮಪ್ಪನ ಅಕ್ಕ. ವಯಸ್ಸು ಅರವತ್ತೊಂದು. ಮದುವೆಯಾಗಿ ಸೇರಿದ್ದು ರಾಣೆಬೆನ್ನೂರಿನ ಬೀಜದ ವ್ಯಾಪಾರದ ಮನೆಯನ್ನು. ಅಂಗಡಿ ಹೆಸರಿಗೆ ಮಾವನದು. ಮಾವ ಬೆಳಿಗ್ಗೆ ಬಂದು ಗಲ್ಲೆಯ ಹಿಂದೆ ಕೂತು ಊದುಬತ್ತಿ ಹಚ್ಚುತ್ತಾರೆ, ಅದು ಆರಿದಾಗ ಇನ್ನೊಂದು ಹಚ್ಚುತ್ತಾರೆ. ಮಿಕ್ಕ ಕೆಲಸವೆಲ್ಲ ಅತ್ತೆಯದು. ಮೇಡ್ಲೇರಿಯ ಯಾವ ಹೊಲದಲ್ಲಿ ಯಾವ ತಳಿ ನಿಂತಿದೆ, ಯಾವ ಗಿಡಕ್ಕೆ ಎಲೆ ಮುದುಡುವ ಮುಟುರು ರೋಗ ಬಂದಿದೆ, ಯಾರ ಹೊಲದಲ್ಲಿ ಕ್ರಾಸಿಂಗಿಗೆ ಆಳು ಸಾಲುತ್ತಿಲ್ಲ, ಎಲ್ಲ ಅವಳ ತಲೆಯಲ್ಲಿ. ಇದನ್ನೆಲ್ಲ ತಿಳಿಯಲು ಅವಳು ವಾರಕ್ಕೆ ನಾಲ್ಕು ದಿನ ತನ್ನ ಬಿಳಿ ವ್ಯಾನಿನಲ್ಲಿ ತಿರುಗುತ್ತಾಳೆ. ತಾನೇ ಓಡಿಸುತ್ತಾಳೆ.

ಅವಳ ಚಾಲನಾಶಾಸ್ತ್ರದಲ್ಲಿ ಹಿಂದಕ್ಕೆ ಹೋಗುವುದು ಎಂಬುದಿಲ್ಲ. ಲೈಸೆನ್ಸಿನ ಪರೀಕ್ಷೆಯ ದಿನ ಒಂದೇ ಸಲ ರಿವರ್ಸ್ ಹಾಕಿದ್ದಳಂತೆ. ಆವತ್ತೇ ಆ ಗೇರಿಗೆ ನಿವೃತ್ತಿ. (ನಾನೂ 'ಅಂತೆ' ಎಂದೆ, ಕ್ಷಮಿಸಿ. ಆಗ ನಾನು ಹುಟ್ಟಿರಲಿಲ್ಲ.) ಅಂಗಡಿಯನ್ನು ಹತ್ತು ಅಡಿ ದಾಟಿ ನಿಂತರೆ ಅವಳು ಹಿಂದೆ ಸರಿಯುವುದಿಲ್ಲ. ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ, ಅಲ್ಲಿನ ಆಟೋದವರ ನಮಸ್ಕಾರ ಸ್ವೀಕರಿಸಿ, ಸುತ್ತಿಕೊಂಡು ಬರುತ್ತಾಳೆ. ಯಾಕೆ ಎಂದು ಕೇಳಿದರೆ, "ಹಿಂದ ನೋಡ್ಕೋತ ಓಡಸಾಕ ನಾ ಏನು ಸಾಲಗಾರಗ ಅಂಜಿ ಓಡಾಕತ್ತೇನೇನು?" ಎನ್ನುತ್ತಾಳೆ.

ಇನ್ನೊಂದು ನಿಯಮ, ಸೀಟು ಖಾಲಿ ಹೋಗಬಾರದು. ಮೇಡ್ಲೇರಿ ರಸ್ತೆಯಲ್ಲಿ ಕೈ ಎತ್ತಿದವರನ್ನು ಬಿಟ್ಟು ಹೋಗುವ ಪದ್ಧತಿ ಮೊದಲಿನಿಂದಲೂ ಕಡಿಮೆ. ಟ್ರ್ಯಾಕ್ಟರ್ ಆಗಲಿ ಟಂಟಂ ರಿಕ್ಷಾ ಆಗಲಿ, ಒಂದಿಷ್ಟು ನಿಧಾನವನ್ನಾದರೂ ಮಾಡುತ್ತದೆ. ಅತ್ತೆ ಈ ಪದ್ಧತಿಯನ್ನು ಸುಧಾರಿಸಿದಳು; ಕೈ ಎತ್ತದವರನ್ನೂ ಹತ್ತಿಸಿಕೊಳ್ಳತೊಡಗಿದಳು. ರಸ್ತೆಯ ಪಕ್ಕ ಮನುಷ್ಯ ನಿಂತಿದ್ದಾನೆ ಎಂದರೆ ಅವನಿಗೆ ಎಲ್ಲಿಗೋ ಹೋಗಬೇಕಾಗಿದೆ ಎಂಬುದು ಅವಳ ಸಿದ್ಧಾಂತ. ಹೀಗೆ ಹಲಗೇರಿಯ ಹತ್ತಿರ ಒಬ್ಬ ಅಜ್ಜನನ್ನು ಕೂರಿಸಿಕೊಂಡಳು. ಅವನು ಮೂರು ಕಿಲೋಮೀಟರ್ ಸುಮ್ಮನೆ ಕೂತಿದ್ದು, ಆಮೇಲೆ ಬಹಳ ಸಂಕೋಚದಿಂದ, "ನನ್ನ ಆಡು ಅಲ್ಲೇ ಉಳದ್ವಲ್ರಿ, ಅಕ್ಕಾರ" ಎಂದ. ವಾಪಸು ಹೋಗಬೇಕಲ್ಲ? ರಿವರ್ಸ್ ಅಂತೂ ಇಲ್ಲ, ಅಲ್ಲೇ ತಿರುಗಿಸಲು ರಸ್ತೆಯೂ ಸಣ್ಣದು. ಮುಂದಿನ ಊರಿನವರೆಗೆ ಹೋಗಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಆಡುಗಳು ಅಜ್ಜನಿಗಿಂತ ಮೊದಲೇ ಮನೆ ಮುಟ್ಟಿದ್ದವು.

ಅವಳ ವ್ಯಾನಿನಲ್ಲಿ ಬಾಡಿಗೆ ಇಲ್ಲ, ವಿಚಾರಣೆ ಇದೆ. ಯಾರ ಮನೆಯವರು, ಎಷ್ಟು ಹೊಲ, ಯಾವ ಬೀಜ ಹಾಕಿದಿರಿ, ನಮ್ಮಲ್ಲಿ ಯಾಕೆ ಒಯ್ಯಲಿಲ್ಲ, ಮಗನಿಗೆ ಇನ್ನೂ ಯಾಕೆ ಮದುವೆ ಮಾಡಿಲ್ಲ? ಬಿಳಿ ವ್ಯಾನು ದೂರದಲ್ಲಿ ಕಂಡರೆ ಮರದ ಹಿಂದೆ ಸರಿದು ನಿಲ್ಲುವವರೂ ಇದ್ದಾರೆ.

ಅವಳು ಹೀಗೆ ಮಾಡುವುದಕ್ಕೆ ಕಾರಣವೇನು? ಕಥೆಗಾರರಾಗಿದ್ದರೆ ಒಂದು ಪ್ರಸಂಗ ಹುಟ್ಟಿಸುತ್ತಿದ್ದರು: ಸುರಿಯುವ ಮಳೆ, ಎಳೆಯ ಕೂಸನ್ನು ಎತ್ತಿಕೊಂಡು ರಸ್ತೆಯಲ್ಲಿ ನಿಂತ ತಾಯಿ, ನಿಲ್ಲದೆ ಹೋದ ಗಾಡಿಗಳು. ಅಂಥದ್ದೇನಾದರೂ ಆಗಿತ್ತೇ ಎಂದು ನಾನು ಕೆದಕಿ ಕೆದಕಿ ಕೇಳಿದ್ದೇನೆ. ಏನೂ ಆಗಿಲ್ಲ. "ಸೀಟು ಖಾಲಿ ಇರ್ತೈತೆಲ್ಲ" ಎಂದಳು. ಇದು ಒಂದು ಉತ್ತರವೇ? ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಸೊನ್ನೆ ಕೊಡುತ್ತಾರೆ.

ಇನ್ನು ಜಗಳ ಶುರುವಾದ ಬಗೆ. ಹೋದ ಸುಗ್ಗಿಯಲ್ಲಿ ಯಾರದೋ ಗೋವಿನಜೋಳದ ರಾಶಿಯ ಮೇಲೆ ಗಾಲಿ ಹತ್ತಬಾರದೆಂದು ಅತ್ತೆ ವ್ಯಾನನ್ನು ಪಕ್ಕಕ್ಕೆ ಎಳೆದಳು. ಒಂದು ಸಣ್ಣ ಸೇತುವೆಯ ಕಟ್ಟೆ ವ್ಯಾನಿನ ಒಂದು ಪಕ್ಕವನ್ನು ಬಾಗಿಲಿನಿಂದ ಬಾಗಿಲಿನವರೆಗೆ ಸವರಿತು. ಅತ್ತೆಯ ಮಗ, ಅಂಗಡಿಯ ಕಂಪ್ಯೂಟರು ಮತ್ತು ಲೆಕ್ಕಪತ್ರ ನೋಡಿಕೊಳ್ಳುವವನು, ಇಂಥದ್ದೊಂದಕ್ಕಾಗಿಯೇ ಕಾದಿದ್ದ. ಆವತ್ತು ನಾನೂ ಅವರ ಮನೆಯಲ್ಲೇ ಇದ್ದೆ. ಊಟಕ್ಕೆ ಕೂತಾಗ ತಾಯಿಯ ಮುಂದೆ ಕೈ ಚಾಚಿದ. "ಯವ್ವಾ, ವಯಸ್ಸಾತು, ಕಣ್ಣು ಮೊದಲಿನಂಗಿಲ್ಲ. ಚಾವಿ ಕೊಟ್ಟುಬಿಡು."

ವ್ಯಾನಿನ ಚಾವಿ ಅತ್ತೆಯ ಸೊಂಟದ ಗೊಂಚಲಿನಲ್ಲಿ, ತಿಜೋರಿಯ ಚಾವಿಯ ಪಕ್ಕದಲ್ಲಿ ಇರುತ್ತದೆ. ಅದು ಹೋದರೆ ಅವಳಿಗೆ ಉಳಿಯುವುದು ಏನೆಂದು ಎಲ್ಲರಿಗೂ ಗೊತ್ತಿತ್ತು. ಗಲ್ಲೆಯ ಹಿಂದೆ, ಮಾವನ ಪಕ್ಕ, ಊದುಬತ್ತಿಯ ಹೊಗೆಯಲ್ಲಿ ಒಂದು ಕುರ್ಚಿ. ಮೇಡ್ಲೇರಿಯೂ ಇಲ್ಲ, ಹೊಲವೂ ಇಲ್ಲ, ಸಂಜೆ ಕ್ರಾಸಿಂಗ್ ಮುಗಿಸಿ ಬೆನ್ನು ಹಿಡಿದುಕೊಂಡು ರಸ್ತೆಗೆ ಬರುವ ಹೆಂಗಸರೂ ಇಲ್ಲ.

ಅತ್ತೆ ತನ್ನ ಲೈಸೆನ್ಸು ಈಗಷ್ಟೇ ಹೊಸದಾಗಿದೆ, ಡಾಕ್ಟರೇ ಕಣ್ಣು ನೋಡಿ ಬರೆದುಕೊಟ್ಟಿದ್ದಾರೆ ಎಂದಳು. ಮಗ ನಕ್ಕ. ಅವನು ಅಲ್ಲಿಗೆ ನಿಲ್ಲಿಸಬೇಕಿತ್ತು. ವಾದದಲ್ಲಿ ಗೆಲ್ಲುತ್ತಿರುವವನು ಎದುರಾಳಿಗೆ ಪರೀಕ್ಷೆ ಮಾಡಿ ನೋಡಬಹುದಾದ ಒಂದು ಮಾತನ್ನು ಎಂದೂ ಕೊಡಬಾರದು. ಅವನು ಕೊಟ್ಟ.

"ಇಲ್ಲೆ ಯಾರು ಕೇಳ್ತಾರವ್ವಾ ಲೈಸೆನ್ಸು? ಬ್ಯಾರೆ ದೇಶದಾಗ ಓಡಿಸಿದ್ರ ನಿನಗ ದಿನಕ್ಕೊಂದು ದಂಡದ ಚೀಟಿ ಬರ್ತಿತ್ತು."

"ಬರಲಿಲ್ಲಂದ್ರ?" ಎಂದಳು ಅತ್ತೆ.

"ಬರಲಿಲ್ಲಂದ್ರ ಚಾವಿ ನಿನ್ನ ಹಂತೇಕೇ ಇರ್ಲಿ, ನಾ ಮತ್ತ ಕೇಳಂಗಿಲ್ಲ. ಒಂದೇ ಒಂದು ಚೀಟಿ ಬಂದ್ರ, ನೀನೇ ಬಿಚ್ಚಿ ಕೊಡಬೇಕು."

ಅವನು ಮರೆತದ್ದು ಇಷ್ಟೇ. ಹಿಂದಿನ ವಾರವಷ್ಟೇ ಬೀಜದ ಕಂಪನಿಯೊಂದು, ಹೇಳಿದಷ್ಟು ಮಾಲು ಮಾರಿದ ಅಂಗಡಿಯವರನ್ನು ಒಮಾನ್ ಪ್ರವಾಸಕ್ಕೆ ಕರೆದಿತ್ತು. ಒಂದು ಅಂಗಡಿಗೆ ಎರಡು ಟಿಕೆಟ್. ಮಾವನಿಗೆ ಮಾಳಿಗೆ ಹತ್ತಿದರೇ ತಲೆ ಸುತ್ತುತ್ತದೆ. ಮಗ ಅಂಗಡಿ ಬಿಡುವಂತಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ನೀ ನಡಿ. ನಿನ್ನ ಇಂಗ್ಲೀಷು ಒಂದಿನಾರ ಉಪಯೋಗಕ್ಕ ಬರ್ಲಿ" ಎಂದಳು. ಹೀಗೆ ನಾನು ದುಭಾಷಿಯೂ ಆದೆ, ಎರಡೂ ಪಕ್ಷದವರು ಒಪ್ಪಿದ ಸಾಕ್ಷಿಯೂ ಆದೆ.

ಬೇರೆ ದೇಶದಲ್ಲಿ ಓಡಿಸಲು ನಮ್ಮ ಲೈಸೆನ್ಸಿನ ಜೊತೆಗೆ ಇನ್ನೊಂದು ಅಂತರರಾಷ್ಟ್ರೀಯ ಪರವಾನಗಿ ಬೇಕು. ಅದಕ್ಕಾಗಿ ಹಾವೇರಿಯ ಆರ್‌ಟಿಓ ಕಚೇರಿಗೆ ಹೋದೆವು. ಹಾವೇರಿಯವರು ದಯವಿಟ್ಟು ಗಮನಿಸಿ, ಲೈಸೆನ್ಸ್ ಇತ್ತು! ಒಂದಲ್ಲ, ಎರಡು. ಕಚೇರಿಯ ಗುಮಾಸ್ತರು ಅರ್ಜಿ ಹಿಡಿದು ನನ್ನನ್ನೇ ನೋಡುತ್ತಾ ಯಾವ ದೇಶಕ್ಕೆ, ಎಷ್ಟು ದಿನ ಎಂದು ಕೇಳಿದರು. ಓಡಿಸುವವರು ಇವರು ಎಂದು ಅತ್ತೆಯನ್ನು ತೋರಿಸಿದೆ. ಇಳಕಲ್ ಸೀರೆ, ಹಣೆಯ ಮೇಲೆ ರೂಪಾಯಿಯಷ್ಟು ಕುಂಕುಮ, ಸೊಂಟದಲ್ಲಿ ಚಾವಿಯ ಗೊಂಚಲು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಲ್ಲೆ ರಸ್ತಾದ ಬಲಕ್ಕ ಓಡಸಬೇಕ್ರಿ, ಅಮ್ಮಾರ" ಎಂದರು ಮೆಲ್ಲಗೆ.

"ಸುಗ್ಗ್ಯಾಗ ನಾವು ಬಲಕ್ಕೇ ಓಡಸೋದ್ರಿ" ಎಂದಳು ಅತ್ತೆ.

ಗುಮಾಸ್ತರು ಪಕ್ಕನೆ ನಕ್ಕರು. ಅವರ ಮನೆಯಲ್ಲೂ ಹೊಲ ಇದ್ದಿರಬೇಕು. ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ ಒಕ್ಕಿದ ಮೇಲೆ ಅದನ್ನು ಒಣಗಿಸುವುದು ಡಾಂಬರಿನ ರಸ್ತೆಯ ಎಡ ಅರ್ಧದ ಮೇಲೆ. ಎರಡು ತಿಂಗಳು ಬಸ್ಸು, ಲಾರಿ, ಮಂತ್ರಿಗಳ ಕಾರು ಎಲ್ಲವೂ ಬಲಕ್ಕೇ ಹೋಗುತ್ತವೆ. ವಿದೇಶದಲ್ಲಿ ಓಡಿಸಲು ಇದಕ್ಕಿಂತ ಒಳ್ಳೆಯ ತರಬೇತಿ ಯಾವ ಶಾಲೆಯಲ್ಲಿ ಸಿಗುತ್ತದೆ?

ಪರವಾನಗಿ ಎಂದರೆ ಒಂದು ಸಣ್ಣ ಪುಸ್ತಕ. ಪುಟಪುಟಕ್ಕೂ ಬೇರೆ ಬೇರೆ ದೇಶದ ಭಾಷೆ. ಅತ್ತೆ ಅದನ್ನು ಪುಟ ತಿರುವಿ ತಿರುವಿ ನೋಡಿ, "ಇಷ್ಟು ಮಂದಿಗೆ ನಾ ಗಾಡಿ ಓಡಸ್ತೇನಂತ ತಿಳಿಸ್ಯಾರ. ನನ್ನ ಮಗಗೊಬ್ಬಗ ಕನ್ನಡದಾಗ ತಿಳಿಸಿಲ್ಲ" ಎಂದು ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು.

ಮಸ್ಕತ್ತಿನಲ್ಲಿ ಮೊದಲ ಮೂರು ದಿನ ಕಂಪನಿಯ ಬಸ್ಸಿನಲ್ಲೇ ತಿರುಗಿದೆವು. ಇಡೀ ರಾಣೆಬೆನ್ನೂರು ಮಾರುಕಟ್ಟೆಯೇ ಬಸ್ಸಿನಲ್ಲಿತ್ತು. ಸಮುದ್ರದ ದಂಡೆಯಲ್ಲಿ ಕೂತು ಎಲ್ಲರೂ ಕಟಕರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಉಳಿದ ಎರಡು ದಿನ ಅವರವರ ಇಷ್ಟ. ಬೇರೆಯವರು ಬಂಗಾರದ ಅಂಗಡಿಗೆ ಹೋದರು. ಅತ್ತೆ ಕಾರು ಬಾಡಿಗೆಗೆ ಕೊಡುವಲ್ಲಿಗೆ ಹೋದಳು.

ಕಾರು ಕೊಟ್ಟ ಕೇರಳದ ಯುವಕ ಎರಡೂ ಲೈಸೆನ್ಸನ್ನು ಉಲ್ಟಾ ಪಲ್ಟಾ ಮಾಡಿ ನೋಡಿದ. ಎಲ್ಲ ಸರಿ ಇತ್ತು. ಅವನ ಮುಖವೊಂದೇ ಸರಿ ಇರಲಿಲ್ಲ. ಕಾರಿನಲ್ಲಿ ಸ್ಟೀರಿಂಗು ಎಡಕ್ಕೆ, ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಎಡಗಾಲಿಗೆ ಕೆಲಸವೇ ಇಲ್ಲ ಎಂದು ತಿಳಿದಾಗ ಅತ್ತೆಗೆ ಪಾಪ ಎನಿಸಿತು. ಆ ಕಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡು, ಊಟದ ಪಂಕ್ತಿಗೆ ಅರ್ಧ ಕೂತವಳಂತೆ ಕೂತು ಹೊರಟಳು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ನಾವು ಒಂದು ದೊಡ್ಡ ವೃತ್ತವನ್ನು ಸುತ್ತುತ್ತಿದ್ದೆವು. ಆ ದೇಶದಲ್ಲಿ ಹೆಜ್ಜೆಗೊಂದು ವೃತ್ತ. ದಾರಿ ತಪ್ಪಿದರೆ ಯಾರೂ ಹಿಂದೆ ಸರಿಯಬೇಕಾಗಿಲ್ಲ, ಮುಂದಿನ ವೃತ್ತ ಸುತ್ತಿ ಬಂದರಾಯಿತು. ಅತ್ತೆಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊಮ್ಮಗ ಹುಟ್ಟಿದಾಗಲೂ ಕಂಡಿರಲಿಲ್ಲ. ಇಷ್ಟು ವರ್ಷ ತಾನು ಒಬ್ಬಳೇ ನಂಬಿದ್ದ ಮತವನ್ನು ಒಂದು ಇಡೀ ರಾಜ್ಯ ಕಾಂಕ್ರೀಟಿನಲ್ಲಿ ಕಟ್ಟಿ ನಿಲ್ಲಿಸಿತ್ತು! ಮೂರು ಸುತ್ತು ಹಾಕಿದಳು. ಒಂದು ದೇವರಿಗೆ, ಇನ್ನೆರಡು ಖುಷಿಗೆ ಎಂದು ನನ್ನ ಊಹೆ.

ನಿಜ ಹೇಳಬೇಕೆಂದರೆ ಅವಳು ಚೆನ್ನಾಗಿಯೇ ಓಡಿಸಿದಳು. ವೇಗದ ಮಿತಿ ಮೀರಲಿಲ್ಲ, ಸಿಗ್ನಲ್ ದಾಟಲಿಲ್ಲ. ಮಗ ಹೇಳಿದ ಚೀಟಿ ಬರುವ ಯಾವ ಲಕ್ಷಣವೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಬಸ್ ನಿಲ್ದಾಣದಲ್ಲಿ ಮೂವರು ಕೂಲಿಯವರು ನಿಂತಿದ್ದರು. ಕೈಯನ್ನೂ ಎತ್ತಿರಲಿಲ್ಲ. ಅತ್ತೆ ಗಕ್ಕನೆ ನಿಲ್ಲಿಸಿ ಹಿಂದಿನ ಬಾಗಿಲು ತೋರಿಸಿ, "ಆವೋ, ಬೈಠೋ" ಎಂದಳು. ಆ ದನಿಗೆ ಎದುರಾಡುವ ಧೈರ್ಯ ಮೇಡ್ಲೇರಿಯವರಿಗೇ ಇಲ್ಲ. ಬಂದು ಕೂತರು. ಇಬ್ಬರು ಕೇರಳದವರು, ಒಬ್ಬ ಬಾಂಗ್ಲಾದವನು. ಅತ್ತೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿಯಲ್ಲಿ ವಿಚಾರಣೆ ಆರಂಭಿಸಿದಳು. ಬಾಂಗ್ಲಾದವನಿಗೆ ಎರಡು ಎಕರೆ ಭತ್ತದ ಗದ್ದೆ ಇದೆ ಎಂದು ತಿಳಿಯಿತು. ಯಾವ ಬೀಜ ಹಾಕುತ್ತಾರೆ ಎಂದು ಕೇಳುವಷ್ಟರಲ್ಲಿ ಹಿಂದೆ ಪೊಲೀಸರ ಗಾಡಿ ಬಂದು ನಿಲ್ಲಿಸಲು ಹೇಳಿತು.

ಪೊಲೀಸ್ ಅಧಿಕಾರಿ ಚಿಕ್ಕ ವಯಸ್ಸಿನವನು, ಹಿಂದಿ ಬಲ್ಲವನು, ಮರ್ಯಾದಸ್ಥ. ಅವನ ಸಂಶಯ ಇಷ್ಟು: ಇದು ಪರವಾನಗಿ ಇಲ್ಲದೆ ಓಡಿಸುತ್ತಿರುವ ಟ್ಯಾಕ್ಸಿ. ನಾನು ಕೆಳಗಿಳಿದೆ. ಇಂಥ ಅವಕಾಶಕ್ಕಾಗಿಯೇ ಅಲ್ಲವೇ ಮೂರು ವರ್ಷ ಅಭ್ಯಾಸ ಮಾಡಿದ್ದು! ಟ್ಯಾಕ್ಸಿ ಎಂದರೇನು ಎಂಬ ವ್ಯಾಖ್ಯೆಯಿಂದ ಶುರು ಮಾಡಿ, ಬಾಡಿಗೆ ಪಡೆಯದ ಕಡೆ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದ ಕಡೆ ಟ್ಯಾಕ್ಸಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದೆ. ಅವನು ಒಮ್ಮೆಯೂ ತಡೆಯದೆ ಕೇಳಿದ. ಕೊನೆಗೆ ನೀವು ಹೇಳುವುದು ಸರಿ ಇರಬಹುದು, ಆದರೆ ಇಲ್ಲಿ ಗುರುತಿಲ್ಲದವರನ್ನು ಹತ್ತಿಸಿಕೊಂಡರೆ ದಂಡ, ಈ ಮೂವರನ್ನು ಇಲ್ಲೇ ಇಳಿಸಿ, ಇವತ್ತು ಪ್ರವಾಸಿಗಳೆಂದು ನಿಮ್ಮನ್ನು ಬಿಡುತ್ತಿದ್ದೇನೆ, ಮತ್ತೊಮ್ಮೆ ಕಂಡರೆ ಚೀಟಿ ಬರೆಯುತ್ತೇವೆ ಎಂದ. ವಾದ ಗೆದ್ದೆನೋ ಸೋತೆನೋ ಇವತ್ತಿಗೂ ತಿಳಿಯದು.

ಬಿಡುವ ಮೊದಲು ಡಿಕ್ಕಿ ತೆಗೆಸಿದಾಗ ಅದರಲ್ಲಿ ಮೆಣಸಿನಕಾಯಿಯ ಚೀಲ ಇತ್ತು. ಯಾರಿಗಾದರೂ ಕೊಡಲು ಇರಲಿ ಎಂದು ಅತ್ತೆ ತಂದಿದ್ದಳು. ಇದು ಖಾರಕ್ಕಲ್ಲ, ಬಣ್ಣಕ್ಕೆ ಎಂದು ವಿವರಿಸಿ ಎರಡು ಬೊಗಸೆ ಎತ್ತಿ ಅವನ ಮುಂದೆ ಹಿಡಿದಳು. ಅವನು ಎದೆಯ ಮೇಲೆ ಕೈ ಇಟ್ಟು, ತಲೆ ಬಾಗಿಸಿ, ಬೇಡ ಎಂದ. ಬ್ಯಾಡಗಿಯವರೇ, ನಡೆದದ್ದು ಇಷ್ಟೇ. ಅವನ ಎಚ್ಚರಿಕೆಗಿಂತ ಅದೇ ಅವಳಿಗೆ ಹೆಚ್ಚು ನೋವು ಮಾಡಿತು. ಆ ಮಾಲು ನೋಡಿ ಬೇಡ ಎಂದ ಮನುಷ್ಯನನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

ನಾನು ಹೋಟೆಲಿಗೆ ಬಂದ ಮೇಲೆ ಅಧಿಕಾರಿಯ ಮಾತನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಇನ್ನೊಮ್ಮೆ ಯಾರನ್ನಾದರೂ ಹತ್ತಿಸಿಕೊಂಡರೆ ಚೀಟಿ ಖಂಡಿತ, ಚೀಟಿ ಬಂದರೆ ಊರಲ್ಲಿ ಚಾವಿ ಹೋಯಿತು. ತಿಳಿಯಿತೇ? ತಿಳಿಯಿತು ಎಂದಳು. ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಮರುದಿನ ಅವಳು ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಒಂದು ನಿಲ್ದಾಣದಲ್ಲಿ ಐದು ಜನ, ಇನ್ನೊಂದರಲ್ಲಿ ಒಬ್ಬ ಮುದುಕ. ದಾಟಿ ಹೋದಳು. ದಾಟುವಾಗ ಪ್ರತಿಸಲವೂ ಅವರಿಗೆ ಕೇಳಿಸುವಂತೆ ಕನ್ನಡದಲ್ಲಿ ಕ್ಷಮೆ ಕೇಳುತ್ತಿದ್ದಳು. ಕಿಟಕಿ ಮುಚ್ಚಿತ್ತು, ಕೇಳಿಸಿಕೊಂಡವಳು ನಾನೊಬ್ಬಳೇ. ಸಂಜೆ ಐದು ಗಂಟೆಗೆ ಕಾರು ತಿರುಗಿ ಕೊಡಬೇಕಿತ್ತು. ಮೂರೂವರೆಯ ಹೊತ್ತಿಗೆ ನಾನು ಮನಸ್ಸಿನಲ್ಲೇ ಅವಳ ಮಗನ ಮುಂದೆ ಮಾಡಬೇಕಾದ ವಿಜಯದ ಭಾಷಣ ಸಿದ್ಧಪಡಿಸುತ್ತಿದ್ದೆ.

ಉರಿಬಿಸಿಲು. ಊರ ಹೊರಗಿನ ಅಗಲವಾದ ರಸ್ತೆ. ದೂರದಲ್ಲಿ ನೆರಳಿಲ್ಲದ ಒಂದು ನಿಲ್ದಾಣ, ಅಲ್ಲಿ ಒಬ್ಬಳೇ ಹೆಂಗಸು. ಹತ್ತಿರವಾದಂತೆ ಕಂಡಿತು, ಅವಳು ಒಂದು ಕಾಲಿನ ಮೇಲೆ ನಿಂತಿದ್ದಾಳೆ. ಒಂದು ಚಪ್ಪಲಿ ಹರಿದು ಕೈಯಲ್ಲಿದೆ. ಬರಿಗಾಲನ್ನು ಇನ್ನೊಂದು ಪಾದದ ಮೇಲೆ ಇಟ್ಟುಕೊಂಡು, ಜೋಲಿ ತಪ್ಪಿದಾಗ ಕಾದ ನೆಲಕ್ಕೆ ತಗುಲಿಸಿ ತಟ್ಟನೆ ಎತ್ತಿಕೊಳ್ಳುತ್ತಿದ್ದಾಳೆ. ಅತ್ತೆ ವೇಗ ಕಡಿಮೆ ಮಾಡಿದಳು. "ಅತ್ತಿ, ಬ್ಯಾಡ" ಎಂದೆ. ಅವಳು ಒಂದು ಕೈಯಿಂದ ಸೊಂಟದ ಸಂಚಿಯನ್ನು ಸಡಿಲಿಸಿ, ಪರವಾನಗಿಯ ಪುಸ್ತಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಇಂಡಿಕೇಟರ್ ಹಾಕಿದಳು. ಆಮೇಲೆ ನಿಲ್ಲಿಸಿದಳು.

ಆಂಧ್ರದ ಹೆಂಗಸು, ಮನೆಗೆಲಸದವಳು. ಅತ್ತೆಗೆ ಮೆಣಸಿನಕಾಯಿ ವ್ಯಾಪಾರದ ತೆಲುಗು ಬರುತ್ತದೆ. ಆಕೆ ಸೀಟಿನಲ್ಲಿ ಕೂತು ಪಾದವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಾಗಿಲು ಮುಚ್ಚುವ ಮೊದಲೇ ಪೊಲೀಸರ ಗಾಡಿ ನಮ್ಮ ಹಿಂದೆ ಬಂದು ನಿಂತಿತ್ತು. ಇವನು ಬೇರೆ ಅಧಿಕಾರಿ, ನಡುವಯಸ್ಸಿನವನು, ಇವನಿಗೂ ಹಿಂದಿ ಬರುತ್ತಿತ್ತು. ಹಿಂದಿನ ವೃತ್ತದಿಂದಲೂ ನಿಮ್ಮ ಬೆನ್ನಿಗೇ ಬರುತ್ತಿದ್ದೇನೆ, ಕಾಣಲಿಲ್ಲವೇ ಎಂದು ಕೇಳಿದ. ನಾನು ವ್ಯಾಖ್ಯೆಗೆ ಬಾಯಿ ತೆರೆದೆ. ಅತ್ತೆ ನನ್ನ ಕೈ ಅದುಮಿ ಸುಮ್ಮನಿರಿಸಿದಳು. ಪುಸ್ತಕವನ್ನು ಅವನ ಕೈಗೆ ಕೊಟ್ಟಳು. ನಮ್ಮ ಕಾರಿನ ನಂಬರು ಅವರಲ್ಲಿ ದಾಖಲಾಗಿತ್ತೋ ಏನೋ, ಅವನು ಹಿಂದಿನ ದಿನದ ಎಚ್ಚರಿಕೆಯ ಬಗ್ಗೆ ವಿಚಾರಿಸಿದ. ಹೌದು, ಹೇಳಿದ್ದರು ಎಂದಳು. ಚೀಟಿ ಬರೆದ.

ಬರೆದು ಮುಗಿಸಿ, ಹಿಂದಿನ ಸೀಟಿನಲ್ಲಿದ್ದ ಹೆಂಗಸಿನ ಪಾದದ ಕಡೆ ಒಮ್ಮೆ ನೋಡಿದ. ಆಕೆಯನ್ನು ಇಳಿಸಿ ತನ್ನ ಗಾಡಿಯಲ್ಲಿ ಕೂರಿಸಿಕೊಂಡು, ಆಕೆಯ ಮನೆಗೆ ಬಿಡಲು ಹೊರಟ. ನಾನು ಕೆಂಡವಾಗಿದ್ದೆ. ಅದೇ ಹೆಂಗಸನ್ನು, ಅದೇ ರಸ್ತೆಯಲ್ಲಿ, ಅವನು ಒಯ್ದರೆ ತಪ್ಪಲ್ಲ, ನಾವು ಒಯ್ದರೆ ತಪ್ಪೇ? ಅತ್ತೆ ಮಾತ್ರ ಬಹಳ ಸಮಾಧಾನದಿಂದ ಆ ಗಾಡಿ ಮರೆಯಾಗುವವರೆಗೆ ನೋಡಿದಳು.

"ಅವನ ಗಾಡ್ಯಾಗೂ ಸೀಟು ಖಾಲಿ ಇತ್ತ ನೋಡು" ಎಂದಳು.

ದಂಡ ತುಂಬಿ, ಕಾರು ಕೊಟ್ಟು, ಊರಿಗೆ ಬಂದೆವು. ಜೈಲೂ ಇಲ್ಲ, ಟೊಮೆಟೊ ಗಿಡವೂ ಇಲ್ಲ.

ವಿಮಾನದಲ್ಲಿ, ಆಮೇಲೆ ರಾಣೆಬೆನ್ನೂರಿನವರೆಗಿನ ರೈಲಿನಲ್ಲಿ, ನಾನು ಅವಳ ಪರವಾಗಿ ವಾದ ಕಟ್ಟಿದೆ. ಕರಾರು ಇದ್ದದ್ದು ಕಣ್ಣಿನ ಬಗ್ಗೆ, ವಯಸ್ಸಿನ ಬಗ್ಗೆ, ಓಡಿಸುವ ಕೈಚಳಕದ ಬಗ್ಗೆ. ಚೀಟಿ ಬಂದದ್ದು ಅವ್ಯಾವುದಕ್ಕೂ ಅಲ್ಲ. ಆದ್ದರಿಂದ ಈ ಚೀಟಿ ಕರಾರಿನ ವ್ಯಾಪ್ತಿಗೆ ಬರುವುದಿಲ್ಲ. ಗಟ್ಟಿಯಾದ ವಾದ! ಇದನ್ನು ಉರುಳಿಸಬಲ್ಲವರು ಹಾವೇರಿ ಜಿಲ್ಲೆಯಲ್ಲಿ ಇಲ್ಲ ಎಂದು ನನಗೆ ಈಗಲೂ ನಂಬಿಕೆಯಿದೆ.

ಅಂಗಡಿಯಲ್ಲಿ ಮಾವ ಊದುಬತ್ತಿ ಹಚ್ಚುತ್ತಿದ್ದರು. ಮಗ ನಗುತ್ತಾ ಎದ್ದು ಬಂದು ತಾಯಿಯ ಚೀಲ ಇಸಿದುಕೊಂಡು, ಏನಾಯಿತು ಎಂದು ನನ್ನನ್ನು ಕೇಳಿದ. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಗೊಂಚಲನ್ನು ಬಿಚ್ಚಿ, ವ್ಯಾನಿನ ಚಾವಿಯನ್ನು ಉಗುರಿನಿಂದ ಬಿಡಿಸಿ, ಗಲ್ಲೆಯ ಮೇಲೆ ಇಟ್ಟಳು. "ಚೀಟಿ ಬಂತು. ತೊಗೋ."

ಮಗ ಚಾವಿಯನ್ನು ತಕ್ಷಣ ಮುಟ್ಟಲಿಲ್ಲ. ಗೆದ್ದವನ ಮುಖ ಅಲ್ಲ ಅದು. ಪೊಲೀಸರು ಯಾವಾಗ ಹಿಡಿದರು, ಹೇಗೆ ಎಂದು ಕೇಳಿ ತಿಳಿದುಕೊಂಡ. "ಅಷ್ಟು ದೂರದಿಂದ ಹಿಂದ ಬರಾಕತ್ತಿದ್ದು ನಿನಗ ಕಾಣ್ಲಿಲ್ಲೇನವ್ವಾ?" ಎಂದ, ಮೆತ್ತಗೆ.

"ಇಲ್ಲಪ್ಪಾ. ನೀ ಅಂದಿದ್ದೇ ಖರೇ. ಕಣ್ಣು ಮೊದಲಿನಂಗಿಲ್ಲ" ಎಂದಳು ಅತ್ತೆ, ಮತ್ತು ಹೋಗಿ ಮಾವನ ಪಕ್ಕದ ಕುರ್ಚಿಯಲ್ಲಿ ಕೂತಳು.

ನನ್ನ ವಾದ ಬಾಯಲ್ಲೇ ಉಳಿಯಿತು. ಈಗ ವ್ಯಾನನ್ನು ಮಗನೇ ಓಡಿಸುತ್ತಾನೆ. ಸೊಗಸಾಗಿ ರಿವರ್ಸ್ ಹಾಕುತ್ತಾನೆ. ಮೇಡ್ಲೇರಿ ರಸ್ತೆಯಲ್ಲಿ ಯಾರೂ ಮರದ ಹಿಂದೆ ಸರಿಯುವುದಿಲ್ಲ, ಸರಿಯುವ ಅಗತ್ಯವಿಲ್ಲ. ಕ್ರಾಸಿಂಗಿನ ಹೆಂಗಸರು ಟಂಟಂ ಬರುವವರೆಗೆ ನಿಂತಿರುತ್ತಾರೆ. ಎಲ್ಲ ಕಡೆ ಒಂದೇ ಮಾತು: ಪಾಪ, ಹಿಂದೆ ಪೊಲೀಸರು ಬಂದದ್ದೂ ಕಾಣಲಿಲ್ಲವಂತೆ.

ಉಳಿದ ಸುಳ್ಳುಗಳನ್ನೆಲ್ಲ ಬಿಡಬಲ್ಲೆ. ಈ ಒಂದನ್ನು ಬಿಡಲಾರೆ, ಅದನ್ನು ಹೇಳಿದವಳು ಅತ್ತೆಯೇ ಆದರೂ. ಹೋದ ವಾರ ರಾಣೆಬೆನ್ನೂರಿಗೆ ಹೋಗಿದ್ದೆ. ಗಿರಾಕಿಗಳು ಇರಲಿಲ್ಲ, ಮಾವ ಊಟಕ್ಕೆ ಹೋಗಿದ್ದರು. ಅತ್ತೆ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡು, ಹೋಗುವ ಬರುವ ಗಾಡಿಗಳಲ್ಲಿ ಯಾರು ಯಾರು ಕೂತಿದ್ದಾರೆ ಎಂದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ವ್ಯಾಖ್ಯೆ, ಪುರಾವೆ, ಪ್ರತಿವಾದ ಏನೂ ಇರಲಿಲ್ಲ ನನ್ನ ಹತ್ತಿರ. ಒಂದು ಪ್ರಶ್ನೆ ಮಾತ್ರ ಇತ್ತು.

"ಅತ್ತಿ, ಪೊಲೀಸರು ಕಾಣ್ಲೇ ಇಲ್ಲಂದ್ರ, ಗಾಡಿ ನಿಲ್ಲಸೂಕಿಂತ ಮೊದಲೇ ಆ ಪುಸ್ತಕ ಯಾಕ ಹೊರಗ ತಗದಿ?"